ಹದಿಮೂರು ಓಮ್

ಮುಳಗುಂದ ನಾಕಾದ ಕಡೆಯಿಂದ ಕುಂಟಕೋತ ಬಂತು
ಗಾಳಿಫ್ಯಾನಿನ ಕಂಪನಿಯ ಬಿಳೀ ಪಿಕಪ್ಪು,
ಮೈತುಂಬ ಕಪ್ಪತಗುಡ್ಡದ ಕೆಂಪುಧೂಳು.
ಮೂರನೇ ಗೇರಿನ್ಯಾಗ ಹಟಾ ಹಿಡದು ಕುಂತೈತಿ,
ಏರಿಗೂ ಮೂರು, ಇಳಕಲಿಗೂ ಮೂರು.
'ಕ್ಲಚ್ಚ ಇಲ್ಲ ಇದಕ್ಕ, ಉಸ್ತಾದ' ಅಂದ ಡ್ರೈವರ್ ಗಿರಿಮಲ್ಲ,
'ಎರಡು ವರ್ಷಾತು, ನನ್ನ ಎಡಗಾಲಿಗೆ ಕೆಲಸಿಲ್ಲ.
ಪಗಾರ ಮಾತ್ರ ಎರಡೂ ಕಾಲಿಗೆ ತಗೋತೀನಿ.'

ದಾವಲಸಾಬ ನದಾಫ ನಗಲಿಲ್ಲ.
ಅವಗ ಕೇಳಿಸಿರಲಿಲ್ಲ.
ನಲವತ್ತು ವರ್ಷ ಲಾರಿ ಇಂಜಿನ್ನಿನ ಬಗಲಾಗ ನಿಂತವನ ಕಿವಿ
ಈಗ ಬರೇ ಬೀಡಿ ಸಿಗಸಾಕ.

ಚೇಂಬರ್ ಇಳಿಸಿದಿವಿ.
ಕೆಂಪಿರಬೇಕಾದ ಎಣ್ಣಿ
ಮೂರು ಸಲ ಕುದಿಸಿದ ಚಾದ ಬಣ್ಣಕ್ಕ ತಿರುಗಿತ್ತು.
ಬೋಲ್ಟು ಒಂದೊಂದು ಒಂದೊಂದು ಉದ್ದ,
ಅದಲಬದಲ ಆದರ ಎಲ್ಲಾ ಹೋತು ಅಂತ
ಎದುರಿನ ಪ್ರೆಸ್ಸಿನವರು ಒಗದಿದ್ದ ಕ್ಯಾಲೆಂಡರಿನ
ಜನವರಿ ಹಾಳಿಗೆ ತೂತು ಮಾಡಿ ಮಾಡಿ ಸಿಗಿಸಿದೆ:
ಗಿಡ್ಡವು ಬನದ ಹುಣ್ಣಿವಿ ಸುತ್ತ,
ಉದ್ದಂದು ಒಂದ ಒಂದು, ಎಳ್ಳಮಾಸಿ ದಿನ.

ವಾಲ್ವ್ ಬಾಡಿ ಹೊರಗ ಬಂತು,
ಇರಿವಿ ಗೂಡು ಉದ್ದಕ ಸೀಳಿ ತೋರಿಸಿದಂಗ,
ಓಣಿ, ಸಂದಿ, ತಿರುವು, ಮುಚ್ಚಿದ ಬಾಗಿಲ,
ಎಣ್ಣಿ ಓಡ್ಯಾಡೂ ಊರು.
ಅದರ ಮೈಗೆ ಐದು ಸೊಲೆನಾಯ್ಡು,
ಹೆಬ್ಬೆರಳಿನಷ್ಟು ದಪ್ಪ, ಒಂದರ ಹಂಗ ಒಂದು.

ನಾ ಮೀಟರ್ ಹಚ್ಚಿದೆ.
ಹದಿಮೂರು ಓಮ್. ಹದಿಮೂರು. ಹದಿಮೂರು.
ಹದಿಮೂರು ಚಿಲ್ರಿ. ಹದಿಮೂರು.
ಎಲ್ಲಾ ಸರಿ ಅದಾವು ಅಂತ ಅವನ ಮುಂದ ಕೈ ಆಡಿಸಿದೆ.
ಅವ ಮೀಟರಿನ ಮಾರಿ ಸೈತ ನೋಡಲಿಲ್ಲ.
ಬ್ಯಾಟರಿಯಿಂದ ಎರಡು ವೈರು ಎಳದ,
ಸೊಲೆನಾಯ್ಡಿನ ತುದಿ ಹಲ್ಲಿನ್ಯಾಗ ಕಚ್ಚಿದ, ಕಣ್ಣು ಮುಚ್ಚಿದ,
'ಮುಟ್ಟಸು' ಅಂತ ಹುಬ್ಬು ಎತ್ತಿದ.

ಟಕ್.
ದವಡಿ ಒಪ್ಪಿತು.
ಎರಡನೇದು, ಟಕ್. ಮೂರನೇದೂ.
ನಾಲ್ಕನೇದಕ್ಕ
ಮುಟ್ಟಿಸಿದೆ, ಮತ್ತ ಮುಟ್ಟಿಸಿದೆ.
ಅವನ ಮಾರಿ ಹಂಗ ಇತ್ತು,
ಬಸ್ಸಿಳಿದವರ ನಡುವ ತನ್ನವರನ್ನ ಹುಡುಕೂವನಂಗ.
ಆಮ್ಯಾಲ ಎಣ್ಣಿ ರುಚಿ ಉಗುಳಿ ಅಂದ,
'ಇದು ಸತ್ತೈತಿ.'

ಅವನಪ್ಪ ಅರಳಿ ಹಿಂಜಾಂವ.
ಬಿಲ್ಲಿನ ತಂತಿ ಮೀಟಿದರ
ಅರಳ್ಯಾಗ ಕಸ ಎಲ್ಲೈತಿ ಅನ್ನೂದು
ಎದಿಗೆ ಗೊತ್ತಾಗತಿತ್ತಂತ, ಕಿವಿಗಲ್ಲ.
ಇದನ್ನ ಅವ ಒಮ್ಮೆ ಚಾ ಕುಡೀವಾಗ
ಯಾವ ಮಾತಿಗೂ ಸಂಬಂಧ ಇಲ್ಲದ ಹೇಳಿದ್ದ.

ಹೊಸಾದು ಹುಬ್ಬಳ್ಳಿಯಿಂದ ಸಂಜಿ ಬಸ್ಸಿಗೆ ಬಂತು,
ಕಂಡಕ್ಟರನ ಖಾಕಿ ಕಿಸೆದಾಗ, ಆರು ಸಾವಿರದ ಎಂಟುನೂರು.
ಕೂಡಸೂಮುಂದ ಎಣಿಸಿದರ ಕುಣಿ ಏಳು, ಉಕ್ಕಿನ ಗುಂಡು ಆರು.
ನೆಲ ಒರಿಸಿದಿವಿ, ಚಪ್ಪಲಿ ಝಾಡಿಸಿದಿವಿ,
ಗಿರಿಮಲ್ಲ ಟಾರ್ಚ್ ಹಿಡದು ಮಣಕಾಲ ಊರಿದ,
'ಸಿಕ್ತು ನೋಡ್ರಿ ಎಡಗಾಲಿಗೆ ಕೆಲಸ.'
ಕಡೀಕೆ ಚೇಂಬರಿನ ತಳದ ಅಯಸ್ಕಾಂತಕ್ಕ
ಕಬ್ಬಿಣಪುಡಿಯ ಕರೀ ಕೆಸರಿನ್ಯಾಗ ಅಂಟಿತ್ತು,
ಕಾಡಿಗಿ ಹಚ್ಚಿದ ಒಂಟಿ ಕಣ್ಣು.

ರಾತ್ರಿ ಒಂಬತ್ತಕ್ಕ ಗುಡ್ಡದ ದಾರಿ.
ಒಂದು. ಎರಡು.
ದಾವಲಸಾಬನ ಅಂಗೈ ಡ್ಯಾಶ್‌ಬೋರ್ಡಿನ ಮ್ಯಾಲ.
ಮೂರು ಬಿತ್ತು, ನಾಕು ಬಿತ್ತು,
ಮಲಗಿದ ಕೂಸಿನ್ನ
ಈ ಬಗಲಿನಿಂದ ಆ ಬಗಲಿಗೆ ದಾಟಿಸಿದಂಗ.
ದೂರದಾಗ ಫ್ಯಾನುಗಳ ಕೆಂಪು ದೀಪ
ಒಮ್ಮೆಲೆ ಹತ್ತಿ ಒಮ್ಮೆಲೆ ಆರತಿದ್ದವು.

ಮನಿಗೆ ಬಂದು ಸುಮ್ಮನಿರಲಾರದ
ಸತ್ತದ್ದನ್ನ ಪೆಟ್ರೋಲಿನ್ಯಾಗ ತೊಳದೆ.
ಸಾಸಿವಿಗಿಂತ ಸಣ್ಣ ಚೂರೊಂದು ಹೊರಗ ಬಿತ್ತು.
ಬೈಕಿನ ಬ್ಯಾಟರಿಗೆ ಮುಟ್ಟಿಸಿದೆ.
ಟಕ್.

ಮುಂಜಾನೆ ಅವನ ಕಿವಿಯಾಗ ಒದರಿದೆ:
'ಸತ್ತಿರಲಿಲ್ಲ ಅದು! ಆರು ಸಾವಿರದ ಎಂಟುನೂರು!'
ಬೀಡಿ ತಗದ, ಹಚ್ಚಲಿಲ್ಲ.
'ಒಮ್ಮೆ ಹಿಡದದ್ದು ಮತ್ತ ಹಿಡೀತೈತಿ.
ಗಿರಿಮಲ್ಲ ಗುಡ್ಡಾ ಇಳೀವಾಗ ಹಿಡದರ?'
ಹೊರಗ ಟಂಟಂದಾಂವ ಒಬ್ಬ ಹಾರ್ನ್ ಹೊಡದ ಹೊಡದ.
ಇವ ಕೈ ಚಾಚಿ, 'ತಾ ಇಲ್ಲೆ' ಅಂದ,
ಹಲ್ಲಿನ್ಯಾಗ ಕಚ್ಚಿ ಕಣ್ಣು ಮುಚ್ಚಿದ.
ನಾ ವೈರು ಮುಟ್ಟಿಸಿದೆ,
ಮುಟ್ಟಿಸಿದೆ,
ಮುಟ್ಟಿಸಿದೆ.