ಪೆನ್ಸಿಲ್

ಸ್ಪಿರಿಟ್ಟಿನಲ್ಲಿ ಬಾಲ್‌ಪೆನ್ನಿನ ಶಾಯಿ ನಿಲ್ಲುವುದಿಲ್ಲ,
ಅದಕ್ಕೇ ಪೆನ್ಸಿಲ್.
ಮುನ್ನೂರ ಹನ್ನೊಂದು ಸೀಸೆ.
ಹಳೇ ಮನೆತನದ ಚೀಟಿಯ ಪಕ್ಕ
ಹೊಸದೊಂದು ಇಳಿಬಿಡುತ್ತೇನೆ.
ಹಳೆಯದನ್ನು ಎಸೆಯುವ ಹಾಗಿಲ್ಲ, ಅದು ಕಾನೂನು.

ಬಿಲ ತೋಡಿ ಬಾಗಿಲಿಟ್ಟ ಜೇಡಗಳೆಲ್ಲ
ಹೆಚ್ಚುಕಮ್ಮಿ ಒಂದೇ ಮನೆ ಅಂತಿದ್ದರು ಹಿಂದೆ: ಟೆನೈಝಿಡೇ.
ಈಗ ಆ ಹೆಸರು ಮೆಡಿಟರೇನಿಯನ್ ದಂಡೆಯ
ಕೆಲವೇ ಮಂದಿಯ ಪಾಲಿಗೆ.
ನಮ್ಮ ಕರೂ ಬಯಲಿನವರು
ಬೇರೆ ಒಲೆ ಹೂಡಿದ್ದಾರೆ: ಸ್ಟಾಸಿಮೋಪಿಡೇ.
ಬರೆಯುವಾಗ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಬಾಗಿಲು ಸಾಕ್ಷಿಯಲ್ಲವಂತೆ.
ಬಿಸಿಲಿಗೆ, ಕಣಜಕ್ಕೆ ಹೆದರಿದವರು
ಯಾರಾದರೂ ಬಾಗಿಲು ಮಾಡಿಕೊಳ್ಳುತ್ತಾರೆ.
ನೋಡಬೇಕಾದ್ದು
ಎಂಟು ಕಣ್ಣು ಹರಡಿದ ಬಗೆ, ಹಲ್ಲಿನ ಸಾಲು,
ಹಿಂದಿನ ನೂಲುಬೆರಳು ಎಷ್ಟು ಗಿಡ್ಡ.
ಅದೂ ಸಾಲದೆ ಒಂದು ಕಾಲು ಮುರಿದು, ಅರೆದು,
ಒಳಗಿನ ಬರಹ ಓದುತ್ತಾರೆ.

ಡಾಕ್ಟರ್ ಸ್ಕೂಮನ್ ಒಳ್ಳೆಯ ಹೆಂಗಸು.
“ಒತ್ತಿ ಬರೀಬೇಡ, ದಿಯೋನೆಸ,
ಇದೆಲ್ಲ ಊಹೆ, ನಾಳೆ ಬದಲಾದೀತು” ಅನ್ನುತ್ತಾಳೆ,
ತನ್ನ ಬ್ರೆಡ್ಡಿನಲ್ಲಿ ಅರ್ಧ ಕೊಡುತ್ತಾಳೆ.

ನಮ್ಮಜ್ಜಿ ಕಟ್ರೈನ ಯೆಪ್ತಾಳ ತಲೆಗೂದಲಿಗೆ
ಪೆನ್ಸಿಲ್ ಸಿಕ್ಕಿಸಿ “ಕುಣಿ” ಅಂದಿದ್ದರಂತೆ,
ಅರವತ್ತೆರಡರಲ್ಲಿ, ಕ್ರಾಡಕ್ಕಿನ ಕಚೇರಿಯಲ್ಲಿ.
ಅವಳದು ಕಚ್ಚಿ ನಿಂತಿತು.
ತಂಗಿ ಸೊಫಾಯಳದು
ಟಣ್ಣಂತ ನೆಲಕ್ಕೆ.
ಒಂದೇ ಹೊಟ್ಟೆಯವರು, ಒಂದೇ ಬಾಚಣಿಗೆಯವರು.
ಸೊಫಾಯ ಬೇರೆ ಬೋಗಿಯಲ್ಲಿ ಕೂತು ಹೋದಳು.
ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೆ ಒಂದು ಕಾರ್ಡು,
ಕೆಳಗೆ ಹೆಸರಿಲ್ಲ.
ಎಪ್ಪತ್ತೊಂಬತ್ತರಿಂದ ಅದೂ ಇಲ್ಲ.

ಜೇಡಕ್ಕೆ ಇದ್ಯಾವುದೂ ಗೊತ್ತಿಲ್ಲ ಅಂದುಕೊಳ್ಳುತ್ತೇನೆ.
ಹೆಣ್ಣು ಹುಟ್ಟಿದ ಬಿಲದಲ್ಲೇ, ಅಥವಾ ಅಲ್ಲೇ ನಾಲ್ಕು ಗೇಣಿನಾಚೆ
ವರ್ಷಗಟ್ಟಲೆ.
ಗಂಡು ಮಾತ್ರ ಮಳೆ ಬಿದ್ದ ರಾತ್ರಿ
ಎದ್ದು ನಡೆಯುತ್ತದೆ, ಯಾರ ಮನೆತನವನ್ನೂ ಕೇಳದೆ.
ಇಲ್ಲ, ಕೇಳುತ್ತದೇನೋ.
ಬಾಗಿಲ ಮೇಲೆ ಕಾಲಿನಿಂದ ತಟ್ಟಿ ಕೇಳುತ್ತದಂತೆ.

ಹೋದ ಗುರುವಾರ ಬಯಲಿಗೆ ಹೋಗಿದ್ದೆವು.
ಡಾಕ್ಟರ್ ದಿಬ್ಬದಾಚೆ, ನಾನು ಈಚೆ.
ಒಣ ಪೊದೆಯ ಬುಡದಲ್ಲಿ
ಸೀಸೆಯ ಬಿರಡೆಯಂಥ ದಪ್ಪ ಮುಚ್ಚಳ.
ಚಾಕುವಿನ ತುದಿ ತೂರಿಸಿ ಎತ್ತಿದೆ.
ಒಳಗಿನಿಂದ ಯಾರೋ ಹಿಡಿದೆಳೆದರು.

ಇಷ್ಟು ವರ್ಷ
ಸತ್ತವರನ್ನೇ ಮುಟ್ಟಿದ ಕೈ.
ಮಣಿಕಟ್ಟಿನವರೆಗೂ ಬಂತು ಆ ಎಳೆತ.

ಮುಚ್ಚಳ ಬಿಟ್ಟೆ. ಕೂತುಕೊಂಡಿತು,
ಕೂದಲೆಳೆ ಸಂದೂ ಉಳಿಯದ ಹಾಗೆ.
“ಏನಾದರೂ ಸಿಕ್ಕಿತಾ?” ಆಚೆಯಿಂದ ಕೂಗು.

ಖಾಲಿ, ಅಂದೆ.
ವಹಿಯಲ್ಲೂ ಹಾಗೇ ಬರೆದೆ,
ಶಾಯಿಯಲ್ಲಿ.