ಜೂನ್ ಮೂವತ್ತೊಂದು

ದಿನಾ ಮುನ್ನೂರಾ ಹತ್ತು ಕಿಲೋಮೀಟರ್ ಓಡ್ಯಾಡ್ತಾಳ ನೀಲಗಂಗಾ,
ಗದಗ-ರೋಣ, ರೋಣ-ಗದಗ, ನಡುವ ಒಮ್ಮೆ ಗಜೇಂದ್ರಗಡ.
ಒಂದಿನಾನೂ ಎಲ್ಲಿಗೂ ಹೋದಾಕಿ ಅಲ್ಲ.
ನಾನು ಬೆಟಗೇರಿ ಪ್ರೆಸ್ಸಿನ ಹಿಂದಿನ ಖೋಲ್ಯಾಗ
ಅಂಟು ಕುದಿಸಿ, ರಟ್ಟು ಕೊಯ್ದು,
ಮಂದಿ ಲೆಕ್ಕದ ಪುಸ್ತಕಕ್ಕ ಬೆನ್ನು ಕಟ್ಟಾಂವ.

ಹನ್ನೊಂದು ವರ್ಷಕ್ಕ ಇಬ್ಬರ ಸೂಟಿ
ಒಂದ ಶನಿವಾರಕ್ಕ ಬಂದು ಕೂತಿತು.
"ಗೋವಾ ಗೀವಾ ಬ್ಯಾಡ," ಅಂದ್ಳು.
"ಸುತ್ತೂ ನೀರಿರಬೇಕು.
ಒಬ್ಬರೂ ಹತ್ತಬಾರದು, ಒಬ್ಬರೂ ಇಳೀಬಾರದು.
ಹತ್ರದಾಗ ಅಂಥಾದ್ದು ಐತೇನು ನೋಡ್ರಿ."

ಮುಂಡರಗಿ ದಾಟಿದ ಮ್ಯಾಲೆ ಹೊಳಿ ನಡುವ ಒಂದು ಗಡ್ಡಿ ಐತಿ.
ಹೆಸರಿಲ್ಲ. ಬ್ಯಾಸಗ್ಯಾಗ ಐದೆಕರೆ, ಮಳಿಗಾಲಕ್ಕ ಎರಡು.
ಏಳೆಂಟು ಜಾಲಿ ಗಿಡ,
ಕಲ್ಲಂಗಡಿ ಕಾಯಾಂವ ಹಾಕಿ ಮರೆತ ತಗಡಿನ ಜೋಪಡಿ.

ಬಸ್ಸಿನ್ಯಾಗ ಕಿಡಕಿ ಹಿಡಿದು ಕೂತ್ಳು.
"ಏನ ಅಕ್ಕಾ, ನೀನೂ ಪ್ಯಾಸೆಂಜರ್ರಾ?" ಅಂದ ಕಂಡಕ್ಟರ್ ಹುಡುಗ.
"ನನಗೊಂದು ಸೊನ್ನೆ ಹರಿ, ಇವರಿಗೊಂದು ಪೂರಾ."
ಡಂಬಳದಾಗ ಮಳಿ ಹತ್ತಿತು.
ಮುಂಡರಗಿ ಬಂದ್ರೂ ಇಳೀಲಿಲ್ಲ.

"ಹೋಗೂದಾದ್ರ ಈಗ ಹೋಗ್ರಿ," ಅಂದ ಅಂಬಿಗರ ಮೈಲಾರೆಪ್ಪ,
"ಬರೂದು ಹೊಳಿಗೆ ಬಿಟ್ಟದ್ದು."
ಹರಿಗೋಲು ಗಿರಕಿ ಹೊಡದಾಗ ಆಕಿ ಕೈ
ಮ್ಯಾಲೆ ಹಿಡಿಯೋ ಸರಳು ಹುಡುಕಿತು.
ಆಕಾಶದಾಗ ಸರಳಿಲ್ಲ.
ನನ್ನ ಕಾಲರ್ ಸಿಕ್ಕಿತು.

ತಗಡಿನ ಮ್ಯಾಲೆ ಮಳಿ ಹೆಂಗ ಬಿತ್ತಂದ್ರ
ಮೊಳ ದೂರದ ಮಾತು ಕೇಳವಲ್ದು.
"ಶೇಂಗಾ ಚಟ್ನಿ ಎಲ್ಲೈತಿ?" ಅಂತ ಒದರಿದೆ.
"ಏನ್ರೀ?"
"ಚಟ್ನೀ!"
"ನಾನೂ!" ಅಂದು ಮಾರಿ ಕೆಂಪಗ ಮಾಡ್ಕೊಂಡ್ಳು.
ಇಲ್ಲಿತನಕಾ ನಾ ಅದನ್ನ ತಿದ್ದಿಲ್ಲ.

ರೊಟ್ಟಿ ಸುತ್ತಿದ್ದು ಪ್ರೆಸ್ಸಿನ ರದ್ದಿ ಹಾಳಿ,
ಯಾರದೋ ಲಗ್ನಪತ್ರಿಕಿ. ಮದಲಿಂಗನ ಹೆಸರು ಎಣ್ಣ್ಯಾಗ ಹೋಗಿತ್ತು.
ತಾರೀಖು ಮಾತ್ರ ನೆಟ್ಟಗ ಇತ್ತು:
ಜೂನ್ ೩೧, ಸೋಮವಾರ.
ಅದಕ್ಕ ಮಾಲಕ ಬೈದು ಐನೂರು ಹಾಳಿ ಮೂಲ್ಯಾಗ ಒಗದಿದ್ದ.
ಬಟ್ಟಿಟ್ಟು ಓದಿ ಕೇಳಿದ್ಳು,
"ಈ ದಿನ ಎಲ್ಲೈತಿ?"
"ಎಲ್ಲೂ ಇಲ್ಲ."
"ಹಂಗಾದ್ರ ಅವತ್ತು ಯಾರದೂ ಡ್ಯೂಟಿ ಇರಂಗಿಲ್ಲ."

ರಾತ್ರಿ ಹೊಳಿ ಏರಿತು.
ಎರಡೆಕರೆ ಒಂದಾತು. ನಾ ನೀರಿನಂಚಿಗೆ ಒಂದು ಇಟ್ಟಂಗಿ ಇಟ್ಟು ಬಂದೆ,
ತಾಸಿಗೊಮ್ಮೆ ಬ್ಯಾಟರಿ ಬಿಟ್ಟು ನೋಡಿದೆ,
ಮೂರನೇ ಸಲಕ್ಕ ಇಟ್ಟಂಗಿ ಇದ್ದಿಲ್ಲ.
ಹೇಳಲಿಲ್ಲ ಆಕಿಗೆ.
ಬಾತ ಪಾದ ತೊಡಿ ಮ್ಯಾಲೆ ಇಟಗೊಂಡು ಒತ್ತಿಕೋತ ಕೂತೆ,
ಹನ್ನೊಂದು ವರ್ಷ ನಿಂತ ಪಾದ.
ನಿದ್ದಿಗಣ್ಣಾಗ ಅಂದ್ಳು, "ಮುಂದ ಸರೀರಿ, ಮುಂದ ಜಾಗಾ ಐತಿ."
ಸರದೆ.

ಐತವಾರ ಮಧ್ಯಾಹ್ನ ಮಳಿ ತೆಳ್ಳಗಾತು.
ದೂರದಿಂದ ಮೈಲಾರೆಪ್ಪನ ದನಿ: "ಅದೀರೇನ್ರೀ?"
ನೀಲಗಂಗಾ ಚೀಲ ತಡಕ್ಯಾಡಿ ಸೀಟಿ ತಗದ್ಳು.
ಎರಡು ಊದಿದ್ರ ಹೊಂಡು.
ಒಂದು ಊದಿದ್ರ ನಿಲ್ಲು.
ಒಂದ ಊದಿದ್ಳು.
ನಡು ಹೊಳ್ಯಾಗ ಹುಟ್ಟು ಎತ್ತಿ ಹಿಡಿದು
ಆ ಮುದುಕ ತಿಳೀದ ನಿಂತ, ಹರಿಗೋಲು ತನ್ನಷ್ಟಕ್ಕ ತಿರಗತಿತ್ತು.

ಸೋಮವಾರ ಆಕಿ ಆರು ಹತ್ತರ ರೋಣದ ಗಾಡಿ ಹತ್ತಿದ್ಳು.
ಮಂಗಳವಾರ ನನ್ನ ಕಡೆ ಪಂಚಾಯ್ತಿಯ
ಜನನ-ಮರಣದ ರಜಿಸ್ಟರ್ ಬಂತು, ಬೆನ್ನು ಹರದಿತ್ತು.
ಒಳಗ ಹಚ್ಚಾಕ ರದ್ದಿ ಬೇಕಲ್ಲ,
ಎಣ್ಣಿ ಕಲಿ, ಹೊಳಿ ಕೆಸರು ಹಂಗ ಇದ್ದ
ಆ ಹಾಳಿ ಹಚ್ಚಿ, ಮ್ಯಾಲೆ ಕೆಂಪು ಬಟ್ಟಿ ಎಳದೆ.

ತಗದಾಗೊಮ್ಮೆ ಬೆನ್ನು ಕಿರ್ರ ಅಂತೈತಿ, ಬಗ್ಗವಲ್ದು ಅಂತ
ಗುಮಾಸ್ತ ತಕರಾರು ತಗೊಂಡು ಬಂದಿದ್ದ.
ಮೂಸಿ ನೋಡಿದೆ.
"ಒಣಗಿಲ್ರೀ ಇನ್ನಾ," ಅಂದೆ.