ಸಾಕು

ಬೆಳಗಿನ ಐದೂವರೆ, ಹಲ್ ಪಟ್ಟಣದ ಬಸ್‌ಸ್ಟಾಪು.
ಹಂಬರ್ ನದಿಯ ಗಾಳಿ ನನ್ನ ಕೋಟಿನ ಗುಂಡಿ ಎಣಿಸುತ್ತಿದೆ.
ರಾತ್ರಿಯಿಡೀ ಹನ್ನೊಂದು ಹಾಸಿಗೆಯ ಒದ್ದೆ ಬದಲಿಸಿ
'ಸಾಕಪ್ಪಾ ಸಾಕು' ಅಂದೆ,
ಯಾವ ಅಪ್ಪನಿಗೆಂದು ಯೋಚಿಸದೆ.

ನಾಲ್ಕನೇ ಕೋಣೆಯ ಮಿಸೆಸ್ ಥ್ವೇಟ್
ಕಳ್ಳಿ ಎಂದು ಕಿರುಚಿದಳು,
ಆಮೇಲೆ ನನ್ನ ಕೈಯನ್ನೇ ಹಿಡಿದು ನಿದ್ದೆಹೋದಳು.
ನನ್ನ ಒಳ್ಳೆಯತನ ಎರಡು ಗಂಟೆಗೇ ಮುಗಿದಿತ್ತು.
ಬೆಳಗಿನ ತನಕ ಬಿಡಿಸಿಕೊಳ್ಳದೆ ಕೂತ ಕೈ
ಮೊಳೆಯ ನೋವು ಬಲ್ಲವನದೇ ಇರಬೇಕು.

ಮನೆಯ ಗ್ಯಾಸ್ ಮೀಟರಿನಲ್ಲಿ ಎರಡು ಪೌಂಡು.
ಚೀಲದಲ್ಲಿ ಅರ್ಧ ರೊಟ್ಟಿ, ಚೂರು ಉಪ್ಪಿನಕಾಯಿ.
ನಾಳೆಯದನ್ನೂ ಬೇಡೋಣವೆಂದು ಬಾಯಿ ತೆರೆದೆ.
ಬಸ್ಸು ಬಂತು.

ಗದಗಿನ ಮಿಷನ್ ಆಸ್ಪತ್ರೆಯ ಮೆಟ್ಟಿಲ ಮೇಲಿಂದ
ನನ್ನನ್ನು ಎತ್ತಿಕೊಂಡವಳು ಎಸ್ತೇರವ್ವ.
'ಸಾಕಿದ ಮಗಳೇನು?' ಅಂದವರಿಗೆಲ್ಲ
'ಹೌದು, ಇವಳೇ ಸಾಕು' ಅನ್ನುತ್ತಿದ್ದಳು,
ಅಕ್ಕಿ ಆರಿಸುತ್ತ, ತಲೆ ಎತ್ತದೆ.

ಬಸ್ಸಿನ ಮಹಡಿಯಲ್ಲಿ, ಬೂಟು ಸಡಿಲಿಸಿ,
ಅವ್ವನ ಮಾತನ್ನೇ ತಿರುವಿ ಯೇಸುವಿಗೆ ಹೇಳಿದೆ:
ಸಾಕಿದವನೇ, ನೀನೇ ಸಾಕು.

ಮನೆಗೆ ಬಂದು ನೋಡಿದರೆ
ಮೀಟರಿನಲ್ಲಿ ಅವೇ ಎರಡು ಪೌಂಡು.
ಚಹಾಕ್ಕೆ ನೀರಿಟ್ಟೆ.
ಗೋಡೆಯಾಚೆ ಒಬ್ಬಳೇ ಕೆಮ್ಮುವ ಮುದುಕಿಗೂ ಸೇರಿಸಿ
ಎರಡು ಲೋಟ.